ಗಾಳ, ಕೆರೆ, ಕ್ಯಾಂಪು: ಕಲಬುರಗಿಯ ಹೊರಾಂಗಣ ವ್ಯವಹಾರ ಕೋರ್ಸ್ ಕೊಟ್ಟ ದುಡ್ಡಿಗೆ ತಕ್ಕದ್ದೇ?

ಕಲಬುರಗಿಯ ಖಾಸಗಿ ತರಬೇತಿ ಕೇಂದ್ರವೊಂದು ಬೇಟೆ, ಮೀನುಗಾರಿಕೆ ಮತ್ತು ಹೊರಾಂಗಣ ಮನರಂಜನೆಯ ವ್ಯವಹಾರ ನಡೆಸುವುದನ್ನು ಕಲಿಸುವ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತಿದೆ. ನಾಲ್ಕು ತಿಂಗಳ ಅವಧಿ, ಶನಿವಾರ ಮತ್ತು ಭಾನುವಾರ ಮಾತ್ರ ಪಾಠ. ಫೀ 18,000 ರೂಪಾಯಿ, ಗಾಳದ ಕಿಟ್‌ಗೆ ಬೇರೆಯಾಗಿ 2,500. ಸೇರುವವರು ಹೆಚ್ಚಾಗಿ ಕೃಷಿ ಹೊಂಡವನ್ನೋ ಕೆರೆ ಪಕ್ಕದ ಹೊಲವನ್ನೋ ಇಟ್ಟುಕೊಂಡು ಇನ್ನೊಂದು ಆದಾಯ ಹುಡುಕುತ್ತಿರುವ ರೈತ ಮನೆಗಳ ಹುಡುಗರು. ಹೆದ್ದಾರಿ ಬದಿ ಡಾಬಾ ನಡೆಸುವವರು, ಬೀದರ್ ಕಡೆ ಸಣ್ಣ ರೆಸಾರ್ಟ್ ಕಟ್ಟುತ್ತಿರುವವರೂ ಬರುತ್ತಾರೆ.

ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಗಿರಾಕಿಗಳು ಟಿಕೆಟ್ ಕೊಂಡು ಗಾಳ ಹಾಕುವ ಇಂಥ ವ್ಯವಹಾರ ಉಳಿಯುವುದೂ ಮುಳುಗುವುದೂ ಬೇಸಿಗೆಯ ನೀರಿನ ಮೇಲೆ. ಅಕ್ಟೋಬರ್‌ನಲ್ಲಿ ತುಂಬಿ ತುಳುಕುವ ಕೆರೆ ನೋಡಿ ಯಾರು ಬೇಕಾದರೂ ಯೋಜನೆ ಹಾಕಬಹುದು. ಏಪ್ರಿಲ್ ಕೊನೆಗೆ ಬಿಸಿಲು 42 ಡಿಗ್ರಿ ದಾಟಿ, ನೀರು ಮೊಣಕಾಲು ಮಟ್ಟಕ್ಕೆ ಇಳಿದಾಗ ಮೀನನ್ನೂ ಗಿರಾಕಿಯನ್ನೂ ಹೇಗೆ ಉಳಿಸಿಕೊಳ್ಳಬೇಕು ಎಂಬುದೇ ನಿಜವಾದ ವಿದ್ಯೆ. ಆ ವಿದ್ಯೆಯ ಅರ್ಧ ಭಾಗವನ್ನು ಈ ಕೋರ್ಸ್ ಬಹಳ ಚೆನ್ನಾಗಿ ಕಲಿಸುತ್ತದೆ. ಉಳಿದರ್ಧದಲ್ಲಿ ದೊಡ್ಡ ತೂತುಗಳಿವೆ.

ಚೆನ್ನಾಗಿರುವುದು ನೀರಿನ ಪಾಠ. ಊರ ಹೊರಗಿನ ಒಂದು ಎಕರೆ ಹೊಂಡದ ದಂಡೆಗೆ ವಿದ್ಯಾರ್ಥಿಗಳನ್ನು ಬೆಳಗಿನ 5.30ಕ್ಕೇ ಕರೆದೊಯ್ಯುತ್ತಾರೆ. ಈ ಹೊತ್ತಿನ ಆಯ್ಕೆಯೇ ಕಲಿಸುವವರಿಗೆ ವಿಷಯ ಗೊತ್ತು ಎಂಬುದಕ್ಕೆ ಸಾಕ್ಷಿ. ಹಗಲು ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಮೀನಿನ ಜೊತೆ ಸೇರಿ ಅದನ್ನು ಉಸಿರಾಡಿ ಖಾಲಿ ಮಾಡುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚಿನ ಹೊತ್ತಿನಲ್ಲಿ ನೀರಿನ ಆಮ್ಲಜನಕ ಅತಿ ಕಡಿಮೆ. ಮಧ್ಯಾಹ್ನ 3 ಗಂಟೆಗೆ ಅಳತೆ ಮಾಡಿ ಎಲ್ಲ ಸರಿ ಇದೆ ಎಂದು ಮನೆಗೆ ಹೋದ ಮಾಲೀಕನೇ ಮಾರನೆಯ ಬೆಳಗ್ಗೆ ತೇಲುವ ಮೀನು ಎಣಿಸುತ್ತಾನೆ. ಕೋರ್ಸ್‌ನಲ್ಲಿ ಎರಡೂ ಹೊತ್ತಿನ ಅಳತೆ ಮಾಡಿಸಿ, ಎರಡು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆಸುತ್ತಾರೆ. ಲೀಟರಿಗೆ 5 ಮಿಲಿಗ್ರಾಂ ಮೇಲಿದ್ದರೆ ನಿಶ್ಚಿಂತೆ, 3ಕ್ಕಿಂತ ಕೆಳಗಿಳಿದರೆ ಗೆಂಡೆ ಜಾತಿಯ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಕರಗಿದರೆ 35 ಡಿಗ್ರಿಯಲ್ಲಿ ಸುಮಾರು 6.9 ಮಾತ್ರ. ಅಂದರೆ ಮೇ ತಿಂಗಳಲ್ಲಿ ಹೊಂಡ ತನ್ನ ದಿನವನ್ನೇ ಕಡಿಮೆ ಬಂಡವಾಳದಿಂದ ಶುರು ಮಾಡುತ್ತದೆ.

ಪಾಚಿ ಅಳೆಯಲು 20 ಸೆಂ.ಮೀ. ಅಗಲದ ಕಪ್ಪು-ಬಿಳಿ ತಟ್ಟೆಯನ್ನು ವಿದ್ಯಾರ್ಥಿಗಳಿಂದಲೇ ಮಾಡಿಸುತ್ತಾರೆ. ಹಳೆಯ ತಗಡು, ಎರಡು ಬಣ್ಣ, 5 ಸೆಂ.ಮೀ.ಗೊಂದು ಗಂಟು ಹಾಕಿದ ಹಗ್ಗ, ಕೆಳಗೊಂದು ಭಾರ ಇದ್ದರೆ ಸಾಕು. ತಟ್ಟೆ 25ರಿಂದ 40 ಸೆಂ.ಮೀ. ಆಳದಲ್ಲಿ ಕಣ್ಮರೆಯಾದರೆ ನೀರು ಹದದಲ್ಲಿದೆ. 20ಕ್ಕಿಂತ ಮೊದಲೇ ಮಾಯವಾದರೆ ಪಾಚಿ ಅತಿಯಾಗಿದೆ, ಅವತ್ತೇ ಆಹಾರ ನಿಲ್ಲಿಸಬೇಕು, ಗೊಬ್ಬರದ ಸುದ್ದಿಗೆ ಹೋಗಬಾರದು. ಮಳೆ ಬಂದು ಮಣ್ಣಿನ ರಾಡಿಯಾದಾಗ ಈ ತಟ್ಟೆ ಸುಳ್ಳು ಹೇಳುತ್ತದೆ. ಎರೆ ನೆಲದ ಹೊಂಡದಲ್ಲಿ ಇದು ಪದೇ ಪದೇ ಆಗುವುದರಿಂದ, ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬಣ್ಣ ಹಸಿರೋ ಕಂದೋ ನೋಡಿ ಎಂದು ಹೇಳಿಕೊಡುತ್ತಾರೆ. ಇಂಥ ಸಣ್ಣ ತಿದ್ದುಪಡಿಗಳು ಪುಸ್ತಕ ಓದಿ ಬರುವುದಿಲ್ಲ. ಈ ಭಾಗಕ್ಕೆ ಪೂರ್ತಿ ಅಂಕ ಕೊಡಬಹುದು.

ಮೀನು ಬಾಯಿ ಬಿಟ್ಟಾಗ ಏನು ಮಾಡಬೇಕೆಂಬುದನ್ನೂ ಮಾಡಿ ತೋರಿಸುತ್ತಾರೆ. ಪಂಪಿನ ಪೈಪಿಗೆ ತೂತುಗಳಿರುವ ಮುಚ್ಚಳ ಹಾಕಿ, ನೀರು ಸಣ್ಣ ಹನಿಗಳಾಗಿ ಗಾಳಿಯಲ್ಲಿ ಹಾರಿ ಬೀಳುವಂತೆ ಮಾಡುವುದು ಮೊದಲ ಕೆಲಸ. ಪೈಪಿನ ಬಾಯಿ ತಳದ ಕೆಸರಿಗೆ ತಾಗಬಾರದು. ತಳದ ನೀರಿನಲ್ಲಿ ಆಮ್ಲಜನಕವೇ ಇರುವುದಿಲ್ಲ, ಕೆಟ್ಟ ಅನಿಲ ಬೇರೆ ಮೇಲೆ ಬರುತ್ತದೆ. ಆ ದಿನ ಗಾಳ ಹಾಕುವವರಿಗೆ ರಜೆ. ಉಸಿರಿಗೆ ಒದ್ದಾಡುತ್ತಿರುವ ಮೀನನ್ನು ಹಿಡಿದು ಎಳೆದಾಡಿ ಬಿಟ್ಟರೆ ಅದು ಉಳಿಯುವುದಿಲ್ಲ. ಬುಕಿಂಗ್ ರದ್ದು ಮಾಡಿ ಹಣ ವಾಪಸ್ ಕೊಡುವುದನ್ನು ಪಾಠದ ಭಾಗವಾಗಿಯೇ ಕಲಿಸುವುದು ಮೆಚ್ಚಬೇಕಾದ ಮಾತು.

ಆವಿಯ ಲೆಕ್ಕವನ್ನು ಮಾತ್ರ ಬೇಗ ಮುಗಿಸಿಬಿಡುತ್ತಾರೆ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಕಡು ಬೇಸಿಗೆಯಲ್ಲಿ ದಿನಕ್ಕೆ 10 ಮಿ.ಮೀ. ನೀರು ಇಳಿದರೆ ಸುಮಾರು 40,000 ಲೀಟರ್ ಹೋದಂತೆ, ಅಂದರೆ 5,000 ಲೀಟರಿನ ಎಂಟು ಟ್ಯಾಂಕರ್. ಯಾವ ಟಿಕೆಟ್ ದುಡ್ಡಿನಲ್ಲೂ ಇದನ್ನು ತುಂಬಿಕೊಡಲು ಆಗದು. ಅದಕ್ಕೇ ಆಳ ಮುಖ್ಯ: ಮೇ ಕೊನೆಗೂ ಒಂದು ಮೂಲೆಯಲ್ಲಾದರೂ ಎರಡು ಮೀಟರ್ ನೀರು ಉಳಿಯುವ ಹೊಂಡ ಬೇಕು. ಅಂಥ ಮೂಲೆ ಇಲ್ಲದಿದ್ದರೆ ಮಾರ್ಚ್ ಒಳಗೆ ಮೀನು ಮಾರಿ ಹೊಂಡ ಖಾಲಿ ಮಾಡುವ ಯೋಜನೆ ಬೇಕು. ಇದನ್ನು ಅರ್ಧ ದಿನವಾದರೂ ಕೂರಿಸಿ ಲೆಕ್ಕ ಹಾಕಿಸಬೇಕಿತ್ತು.

ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡದ ಬಗ್ಗೆ ಕೋರ್ಸ್ ಬಾಯಿ ಬಿಡದಿರುವುದು ನಮಗೆ ಅತಿ ಹೆಚ್ಚು ಬೇಸರ ತಂದ ವಿಷಯ. ವಿದ್ಯಾರ್ಥಿಗಳಲ್ಲಿ ಬಹಳ ಮಂದಿಗೆ ಇರುವುದು ಅದೇ, 21 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡ. ಅಲ್ಲಿ ಗಾಳದ ವ್ಯವಹಾರಕ್ಕೆ ಎರಡು ತೊಡಕು. ಒಂದು, ತಳಕ್ಕೆ ಬಿದ್ದ ಕೊಕ್ಕೆಯನ್ನು ಎಳೆದಾಗ ಹಾಳೆ ಹರಿಯುತ್ತದೆ. ಬೀದರಿನ ಜಂಬಿಟ್ಟಿಗೆ ನೆಲದಲ್ಲಿ ಹಾಳೆ ಹರಿದರೆ ನೀರು ಸೋರಿ ಹೋಗುವುದು ತಡವಿಲ್ಲ. ಅಲ್ಲಿ ಬೆಂಡು ಕಟ್ಟಿ ಮೇಲ್ನೀರಿನಲ್ಲೇ ಗಾಳ ಆಡಿಸಬೇಕು, ಸೀಸದ ಗುಂಡು ಕಟ್ಟಿ ತಳಕ್ಕೆ ಬಿಡಬಾರದು. ಎರಡನೆಯದು ಪ್ರಾಣದ ಪ್ರಶ್ನೆ. ಪಾಚಿ ಕಟ್ಟಿದ ಹಾಳೆಯ ಇಳಿಜಾರಿನಲ್ಲಿ ಜಾರಿದವರು, ಈಜು ಬಂದರೂ, ಹಿಡಿತ ಸಿಗದೆ ಮೇಲೆ ಬರಲಾರರು. ಸುತ್ತ ಬೇಲಿ, ಬೀಗ ಹಾಕುವ ಗೇಟು, ನಾಲ್ಕೂ ಮೂಲೆಯಲ್ಲಿ ಗೂಟಕ್ಕೆ ಬಿಗಿದ ಹಗ್ಗದ ಏಣಿ ಅಥವಾ ಒಂದಕ್ಕೊಂದು ಕಟ್ಟಿದ ಹಳೆಯ ಟೈರುಗಳು ನೀರಿನ ಮಟ್ಟದ ಕೆಳಗಿನವರೆಗೂ ಇಳಿದಿರಬೇಕು. ಇಷ್ಟಿಲ್ಲದೆ ಗಿರಾಕಿಯನ್ನು, ಅದರಲ್ಲೂ ಮಕ್ಕಳನ್ನು, ಆ ದಂಡೆಗೆ ಬಿಡಲೇಬಾರದು. ಈ ಪಾಠವನ್ನು ಮೊದಲ ವಾರವೇ ಮಾಡಬೇಕು.

ಮೀನಿನ ಆಯ್ಕೆಯ ಪಾಠದಲ್ಲಿ ಕೇಂದ್ರ ಎಡವಿದೆ. ಎಕರೆಗೆ 4,000 ಬಿತ್ತನೆ ಮರಿ, ಕಾಟ್ಲಾ 40, ರೋಹು 30, ಮೃಗಾಲ್ 30ರ ಪ್ರಮಾಣ ಎಂದು ಬರೆಸುತ್ತಾರೆ. ಇದು ಮಾರುಕಟ್ಟೆಗೆ ಮೀನು ಬೆಳೆಯುವವರ ಸೂತ್ರ, ಆ ಕೆಲಸಕ್ಕೆ ಸರಿಯೇ. ಗಾಳದ ವ್ಯವಹಾರಕ್ಕೆ ಹೊಂದುವುದಿಲ್ಲ. ಕಾಟ್ಲಾದ ಬಾಯಿ ಮೇಲ್ಮುಖ. ಅದು ಮೇಲ್ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ, ತಳದ ಹಿಟ್ಟಿನುಂಡೆಯ ಕಡೆ ಅಷ್ಟಾಗಿ ಬರುವುದಿಲ್ಲ. ಅದನ್ನೇ ಶೇ. 40 ಬಿಟ್ಟರೆ, ನೀರಿನಲ್ಲಿ ಮೀನು ಹೊಳೆಯುತ್ತಿದ್ದರೂ ದುಡ್ಡು ಕೊಟ್ಟು ಕುಳಿತವರು ಬರಿಗೈಯಲ್ಲಿ ಏಳುತ್ತಾರೆ. ರೋಹು ನಡುನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದವು. ಗಾಳಕ್ಕಾದರೆ ರೋಹು 40, ಮೃಗಾಲ್ 25, ಸಾಮಾನ್ಯ ಗೆಂಡೆ 25, ಕಾಟ್ಲಾ 10 ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಸಾಮಾನ್ಯ ಗೆಂಡೆ ಇದಕ್ಕಿಂತ ಹೆಚ್ಚಾದರೆ ತಳ ಕೆದಕಿ, ಬದು ಕೊರೆದು ನೀರನ್ನು ರಾಡಿ ಮಾಡುತ್ತದೆ. ಎಣಿಕೆಯೂ ಕಡಿಮೆ ಇರಲಿ. ಗಾಳ ಹಾಕುವವನಿಗೆ ಬೇಕಾದದ್ದು ಅರ್ಧ ಕೆ.ಜಿ.ಗೆ ಮೇಲ್ಪಟ್ಟ ಮೀನು. ನೀರಿಗೆ ಗಾಳಿ ಬೆರೆಸುವ ಯಂತ್ರವಿಲ್ಲದ ಹೊಂಡದಲ್ಲಿ ಎಕರೆಗೆ ಒಟ್ಟು 500 ಕೆ.ಜಿ. ಮೀರಿ ಮೀನು ಇಟ್ಟುಕೊಳ್ಳುವುದು ಬೇಸಿಗೆಯಲ್ಲಿ ಜೂಜು.

ಮಕ್ಕಳಿಗೆಂದು ಒಂದು ಸಣ್ಣ ಗುಂಡಿಯಲ್ಲಿ ಜಿಲೇಬಿ (ತಿಲಾಪಿಯಾ) ಮೀನು ಬಿಡಿ ಎಂದು ಸಲಹೆ ಕೊಡುತ್ತಾರೆ. ಅದು ಬೇಗ ಕಚ್ಚುತ್ತದೆ, ಮಕ್ಕಳಿಗೆ ಖುಷಿ ಎಂಬುದು ನಿಜ. ಆದರೆ ಮಳೆಗೆ ಗುಂಡಿ ಉಕ್ಕಿ ದೊಡ್ಡ ಹೊಂಡಕ್ಕೆ ಸೇರಿದರೆ ಒಂದೇ ವರ್ಷದಲ್ಲಿ ಬೆರಳುದ್ದದ ಮರಿಗಳಿಂದ ಹೊಂಡ ತುಂಬುತ್ತದೆ, ಗೆಂಡೆಗಳ ಆಹಾರವೆಲ್ಲ ಅವುಗಳ ಪಾಲು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ದೇಶದಲ್ಲಿ ನಿಷೇಧಿತ ಎಂಬುದನ್ನು ಖಡಾಖಂಡಿತವಾಗಿ ಹೇಳುತ್ತಾರೆ. ಅದು ಒಳ್ಳೆಯದು, ಅಗ್ಗಕ್ಕೆ ಮರಿ ತಂದುಕೊಡುವ ದಲ್ಲಾಳಿಗಳು ಈ ಭಾಗದಲ್ಲೂ ಇದ್ದಾರೆ.

ಗಾಳದ ಕಿಟ್ ಪರವಾಗಿಲ್ಲ. ಏಳು ಅಡಿಯ ಫೈಬರ್ ಕೋಲು, ಮಧ್ಯಮ ಗಾತ್ರದ ರೀಲು, 0.30 ಮಿ.ಮೀ. ದಾರ, ಇಕ್ಕಳ, ತೂಕ ನೋಡುವ ತಕ್ಕಡಿ ಕೊಕ್ಕೆ. ಕೊಟ್ಟಿರುವ ಗಾಳದ ಕೊಕ್ಕೆಗಳು ಮಾತ್ರ ಹಿಟ್ಟಿನ ಉಂಡೆಗೆ ದೊಡ್ಡವು. 4ರಿಂದ 8ನೇ ನಂಬರಿನವು ಬೇಕು, ಹೊರಗಿಂದ ತಂದುಕೊಳ್ಳಿ. ರೀಲಿನ ಬಿಗಿ ಹೊಂದಿಸುವುದನ್ನು ಕಲಿಸುವ ಬಗೆ ಮಾದರಿ. ದಾರದ ತುದಿಯನ್ನು ತೂಕದ ಕೊಕ್ಕೆಗೆ ಕಟ್ಟಿ ಎಳೆದು, ದಾರ ತಡೆಯುವ ಭಾರದ ಕಾಲುಭಾಗದಿಂದ ಮೂರನೇ ಒಂದು ಭಾಗಕ್ಕೆ ರೀಲು ಬಿಟ್ಟುಕೊಡುವಂತೆ ತಿರುಗಿಸುತ್ತಾರೆ. 6 ಕೆ.ಜಿ. ತಡೆಯುವ ದಾರಕ್ಕೆ ಇದು ಒಂದೂವರೆಯಿಂದ 2 ಕೆ.ಜಿ. ಹೊಸಬರ ದಾರ ಹರಿಯುವುದಕ್ಕೆ ಇನ್ನೊಂದು ಕಾರಣ ಗಂಟು: ಒಣ ದಾರವನ್ನು ಬಿಗಿದರೆ ಉಜ್ಜಿದ ಬಿಸಿಗೆ ಅದು ಅಲ್ಲೇ ಸೊರಗುತ್ತದೆ. ಬಿಗಿಯುವ ಮುಂಚೆ ನೀರು ಹಚ್ಚಬೇಕು.

ಹಿಡಿದ ಮೀನನ್ನು ಬಿಟ್ಟುಬಿಡುವ ಪದ್ಧತಿಯನ್ನೂ ಕ್ರಮವಾಗಿ ಹೇಳಿಕೊಡುತ್ತಾರೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಸಪಾಟು ಮಾಡುವುದು, ಕೈ ಒದ್ದೆ ಮಾಡಿಕೊಂಡೇ ಮುಟ್ಟುವುದು, ಹೊಟ್ಟೆಯ ಕೆಳಗೆ ಆಸರೆ ಕೊಡುವುದು, ಫೋಟೋ ತೆಗೆಯಲು ಅರ್ಧ ನಿಮಿಷ ಮೀರದಿರುವುದು. ಒಣಗೈ ತಾಗಿದರೆ ಮೈಮೇಲಿನ ಲೋಳೆ ಹೋಗಿ, ನಾಲ್ಕಾರು ದಿನಕ್ಕೆ ಬೂಷ್ಟು ಹಿಡಿದು ಮೀನು ಸಾಯುತ್ತದೆ. ಬಿಟ್ಟ ಗಿರಾಕಿಗೆ ಅದು ಗೊತ್ತೇ ಆಗುವುದಿಲ್ಲ, ನಷ್ಟ ಮಾಲೀಕನದು.

ಗಾಳಕ್ಕೆ ಸಿಕ್ಕಿಸುವ ಎರೆಯ ಪಾಠ ನಮ್ಮ ನೆಲದ್ದೇ. ಗಾಣದ ಶೇಂಗಾ ಹಿಂಡಿಯ ಪುಡಿ ಎರಡು ಪಾಲು, ಜೋಳದ ಹಿಟ್ಟು ಒಂದು ಪಾಲು, ಪುಟಾಣಿ ಹಿಟ್ಟು ಒಂದು ಪಾಲು. ಜೋಳದ ಹಿಟ್ಟನ್ನು ರೊಟ್ಟಿಗೆ ಮಾಡಿದಂತೆ ಕುದಿನೀರಿನಲ್ಲಿ ಕಲಸಿದರೆ ಮಾತ್ರ ಜಿಗುಟು ಬರುತ್ತದೆ. ಉಂಡೆ ನೀರಿನಲ್ಲಿ ಹತ್ತು-ಹದಿನೈದು ನಿಮಿಷ ನಿಲ್ಲಬೇಕು. ಬೇಗ ಕರಗಿದರೆ ಸ್ವಲ್ಪ ಮೈದಾ ಸೇರಿಸುವುದು. ಒಬ್ಬರಿಗೆ ದಿನಕ್ಕೆ ಕಾಲು ಕೆ.ಜಿ. ಮೀರಿ ಎರೆ ಕೊಡಬಾರದು ಎಂಬ ನಿಯಮವನ್ನು ಬೋರ್ಡಿನಲ್ಲಿ ಬರೆಸಬೇಕು. ಹನ್ನೆರಡು ಜನ ಅರ್ಧರ್ಧ ಕೆ.ಜಿ. ಎಸೆದರೆ 6 ಕೆ.ಜಿ. ಹಿಂಡಿ ತಳದಲ್ಲಿ ಕೊಳೆತು ಆ ರಾತ್ರಿಯ ಆಮ್ಲಜನಕವನ್ನು ನುಂಗುತ್ತದೆ. ಈ ಸಂಬಂಧವನ್ನು ಕೋರ್ಸ್ ಸ್ಪಷ್ಟವಾಗಿ ಹೇಳುವುದಿಲ್ಲ, ಎರೆ ಬೇರೆ ಪಾಠ, ನೀರು ಬೇರೆ ಪಾಠ ಎಂಬಂತೆ ನಡೆಯುತ್ತದೆ.

ಇನ್ನು ಬೇಟೆ. ಕೋರ್ಸ್ ಹೆಸರಿನಲ್ಲೇ ಈ ಪದ ಇರುವುದು ದಿಕ್ಕು ತಪ್ಪಿಸುತ್ತದೆ. ಎರಡು ದಿನ ಪೂರ್ತಿ ಅಮೆರಿಕದ ಬೇಟೆ ವ್ಯವಹಾರದ ಪಾಠ: ಜಿಂಕೆಗೆ ಪರವಾನಗಿ ಚೀಟಿ, ಮಾರ್ಗದರ್ಶಿಗೆ ಲೈಸನ್ಸು, ಖಾಸಗಿ ಜಮೀನಿನ ಗುತ್ತಿಗೆ. ಅದರಲ್ಲಿ ಒಂದು ಸಂಗತಿ ಮಾತ್ರ ನಮ್ಮವರೂ ಮನಸ್ಸಿಗೆ ಹಾಕಿಕೊಳ್ಳುವಂಥದ್ದು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂದೂಕು ಮತ್ತು ಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ರಕ್ಷಣೆಗೆ ಮೀಸಲಿಟ್ಟಿತು. 1950ರ ಡಿಂಗೆಲ್-ಜಾನ್ಸನ್ ಕಾಯ್ದೆ ಗಾಳದ ಸಾಮಾನಿನ ತೆರಿಗೆಯನ್ನು ಮೀನಿನ ನೆಲೆಗಳಿಗೆ ಕೊಟ್ಟಿತು. ಆಡುವವನ ದುಡ್ಡು ಆಟದ ನೆಲೆಗೇ ಮರಳಬೇಕೆಂಬ ಈ ಏರ್ಪಾಡನ್ನು ನಮ್ಮ ಕೆರೆಗಳಿಗೂ ಹೊಂದಿಸಬಹುದು: ಪ್ರತಿ ಟಿಕೆಟ್ಟಿನ ಒಂದು ಪಾಲನ್ನು ಬದು ದುರಸ್ತಿಗೆ, ಮರಿ ಬಿಡುವುದಕ್ಕೆ ತೆಗೆದಿಡುವುದು. ಉಳಿದದ್ದು ಇಲ್ಲಿ ಕೆಲಸಕ್ಕೆ ಬಾರದು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಬೇಟೆಯನ್ನು ನಿಷೇಧಿಸುತ್ತದೆ. 2022ರ ತಿದ್ದುಪಡಿ ದಂಡವನ್ನು ಇನ್ನೂ ಹೆಚ್ಚಿಸಿದೆ. ಬೀದರ್ ಕಡೆಯ ಹೊಲಗಳಲ್ಲಿ ಓಡಾಡುವ ಕೃಷ್ಣಮೃಗ ಮೊದಲ ಪಟ್ಟಿಯ ಪ್ರಾಣಿ. ಅದನ್ನು ಕೊಂದರೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಜೈಲು, 25,000ಕ್ಕೆ ಕಡಿಮೆ ಇಲ್ಲದ ದಂಡ. ಬೆಳೆ ಹಾಳು ಮಾಡುವ ಪ್ರಾಣಿಯ ವಿಷಯದಲ್ಲಿ ಅಧಿಕಾರಿ ಕೊಡುವ ಅನುಮತಿ ವ್ಯವಹಾರಕ್ಕಲ್ಲ, ಅದನ್ನು ಗಿರಾಕಿಗೆ ಮಾರುವ ಹಾಗಿಲ್ಲ. ಕಡಿಮೆ ಶಕ್ತಿಯ ಏರ್‌ಗನ್ನಿಗೆ ಲೈಸನ್ಸ್ ಬೇಡ ಎಂಬುದನ್ನು ಕೇಳಿಕೊಂಡು ಕೆಲವರು ಕೌಜುಗ, ಮೊಲದ ಕಡೆ ತಿರುಗಿಸುತ್ತಾರೆ. ಗುರಿ ಹಲಗೆಗೆ ಹೊಡೆದರೆ ಆಟ, ಹಕ್ಕಿಗೆ ಹೊಡೆದರೆ ಅದೇ ಏರ್‌ಗನ್ ಅಪರಾಧದ ಆಯುಧ.

ಕ್ಯಾಂಪ್ ನಡೆಸುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ: "ರಾತ್ರಿ ಮೊಲ ಹೊಡಿಲಿಕ್ಕೆ ಏನಾರ ವ್ಯವಸ್ಥಾ ಅದ ಏನ್ರಿ ಸಾಹೇಬ್ರ?" ಉತ್ತರವನ್ನು ಬಾಯಿಪಾಠ ಮಾಡಿಸಬೇಕು. "ಇಲ್ರಿ ಅಣ್ಣಾವ್ರೆ, ಅದು ಕಾಯ್ದೆ ಪ್ರಕಾರ ಅಪರಾಧ ಅದ. ನಿಮ್ಮ ಗಾಡೀನೂ ಜಪ್ತಿ ಆಗ್ತದ, ನಮ್ಮ ಕ್ಯಾಂಪೂ ಮುಚ್ಚತದ. ಬೆಳಿಗ್ಗೆ ಹಕ್ಕಿ ನೋಡ್ಲಿಕ್ಕೆ ಕರ್ಕೊಂಡ್ ಹೋಗ್ತೀವಿ ಬರ್ರಿ." ನಗುತ್ತಾ ಹೇಳಬೇಕು, ಆದರೆ ಸಂಶಯಕ್ಕೆ ಎಡೆ ಇಲ್ಲದಂತೆ. ಇಂಥ ಮಾತಿನ ಅಭ್ಯಾಸಕ್ಕೆ ಕೋರ್ಸ್‌ನಲ್ಲಿ ಒಂದು ಗಂಟೆಯೂ ಇಲ್ಲ. ಅಮೆರಿಕದ ಎರಡು ದಿನವನ್ನು ಅರ್ಧ ದಿನಕ್ಕೆ ಇಳಿಸಿದರೆ ಜಾಗ ತಾನಾಗಿ ಸಿಗುತ್ತದೆ. ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮಕ್ಕೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅಲ್ಲಿಗೆ ಹತ್ತು ಜನರನ್ನು ಕರೆದೊಯ್ದು ಸದ್ದಿಲ್ಲದೆ ತೋರಿಸಿ ತರುವುದನ್ನು ಕಲಿಸಿದರೆ ಅದು ಯಾದಗಿರಿಯ ಹುಡುಗನಿಗೆ ಅನ್ನ ಕೊಡುವ ವಿದ್ಯೆ.

ಅನುಮತಿಗಳ ಪಾಠ ಚುರುಕಾಗಿದೆ. ಕೆರೆಯ ನೀರು, ಅದರ ಬದು, ಅದರೊಳಗಿನ ಮೀನು ಮೂರೂ ಒಂದೇ ಕಚೇರಿಯವಲ್ಲ ಎಂಬುದನ್ನು ಮೊದಲೇ ತಲೆಗೆ ಹಾಕುತ್ತಾರೆ. ದೊಡ್ಡ ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘದ ಗುತ್ತಿಗೆಯಲ್ಲಿ ಇರುತ್ತದೆ. ಸಂಘವನ್ನು ಬಿಟ್ಟು ಪಂಚಾಯಿತಿಯಿಂದ ಒಂದು ಕಾಗದ ತಂದರೆ ಜಗಳ ಗ್ಯಾರಂಟಿ. ಸಂಘದೊಂದಿಗೆ ಲಿಖಿತ ಒಪ್ಪಂದ, ಟಿಕೆಟ್ಟಿನಲ್ಲಿ ಪಾಲು, ಅವರದೇ ಹುಡುಗರಿಗೆ ಕೆಲಸ ಎಂಬ ಕ್ರಮದಲ್ಲಿ ಹೋಗಬೇಕು. ಇಂಜಿನ್ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯ ನೋಂದಣಿಯ ವಿಷಯವೂ ಬರುತ್ತದೆ. ಚಿಂಚೋಳಿ ವನ್ಯಜೀವಿ ಧಾಮ 2011ರಲ್ಲಿ ಘೋಷಣೆಯಾಗಿದ್ದು, ಸುಮಾರು 134.88 ಚದರ ಕಿ.ಮೀ. ವಿಸ್ತಾರದ್ದು. ಅದರೊಳಗೆ ಗಾಳ, ಟೆಂಟು, ಬೆಂಕಿ ಯಾವುದೂ ಸ್ವಂತ ಇಚ್ಛೆಗೆ ಬಿಟ್ಟದ್ದಲ್ಲ, ಎಲ್ಲಕ್ಕೂ ಅರಣ್ಯ ಇಲಾಖೆಯ ಮಾತೇ ಕೊನೆ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮನರಂಜನಾ ಮೀನುಗಾರಿಕೆಗೂ ಜಾಗ ಇದೆ. ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ ಶೇ. 40, ಪರಿಶಿಷ್ಟ ಜಾತಿ, ಪಂಗಡ ಹಾಗೂ ಮಹಿಳೆಯರಿಗೆ ಶೇ. 60 ಸಹಾಯಧನ. ಮೊದಲು ಕೈಯಿಂದ ಖರ್ಚು ಮಾಡಬೇಕಾಗುತ್ತದೆ ಎಂಬುದನ್ನು ಪಾಠದಲ್ಲಿ ಒತ್ತಿ ಹೇಳುವುದು ಸರಿಯಾಗಿದೆ, ಸಹಾಯಧನ ನಂಬಿ ಸಾಲ ಮಾಡಿದವರು ಬಡ್ಡಿಯಲ್ಲೇ ಸವೆಯುತ್ತಾರೆ.

ಸುರಕ್ಷತೆಯಲ್ಲಿ ಒಳ್ಳೆಯದೂ ಇದೆ, ಕೊರತೆಯೂ ಇದೆ. ಹರಗೋಲು ಕಲಿಸುವವರು ಭೀಮಾ ದಂಡೆಯ ಅಂಬಿಗ ಹಿರಿಯರು. ಹತ್ತುವಾಗ ನಡುವಿಗೆ ಕಾಲಿಡುವುದು, ಭಾರವನ್ನು ವೃತ್ತದ ಸುತ್ತ ಸಮ ಹಂಚುವುದು, ಒಬ್ಬರೂ ಎದ್ದು ನಿಲ್ಲದಂತೆ ನೋಡಿಕೊಳ್ಳುವುದು, ಗಾಳಿ ಎದ್ದರೆ ಅಡ್ಡ ಹೋಗದೆ ಹತ್ತಿರದ ದಂಡೆಗೆ ತಿರುಗಿಸುವುದು ಎಲ್ಲವನ್ನೂ ನೀರಿನಲ್ಲೇ ಮಾಡಿಸುತ್ತಾರೆ. ಈ ಪಾಠಕ್ಕಾಗಿಯೇ ಕೋರ್ಸ್ ಸೇರಬಹುದು. ಲೈಫ್ ಜಾಕೆಟ್ಟಿನ ಪಾಠ ಮಾತ್ರ ತೊಡುವುದಕ್ಕೇ ಮುಗಿಯುತ್ತದೆ. ಕೊಳ್ಳುವಾಗ ಏನು ನೋಡಬೇಕು? ತೇಲಿಸುವ ಬಲ 50 ನ್ಯೂಟನ್ ಎಂದಿರುವುದು ಈಜು ಬಲ್ಲವರಿಗೆ, ದಂಡೆ ಹತ್ತಿರಕ್ಕೆ. ಈಜು ಬಾರದ ಗಿರಾಕಿಗೆ 100 ನ್ಯೂಟನ್ ಬೇಕು. ಮಕ್ಕಳದಕ್ಕೆ ಕಾಲ ನಡುವೆ ಹಾಯುವ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಉಳಿದು ಮಗು ಕೆಳಗೆ ಜಾರುತ್ತದೆ. ಬಿಸಿಲಿಗೆ ಒಣಗಿ ಹಳೆಯದಾದ ಫೋಮು ನೀರು ಹೀರುತ್ತದೆ. ಪ್ರತಿ ಸೀಸನ್ ಮುಂಚೆ ಒಂದು ದಿನ ನೆನೆಹಾಕಿ, 5 ಕೆ.ಜಿ.ಯ ಕಬ್ಬಿಣದ ತೂಕ ಕಟ್ಟಿ ನೀರಿಗೆ ಬಿಡಬೇಕು. ಮುಳುಗುವ ಜಾಕೆಟ್ 50 ನ್ಯೂಟನ್ನಿಗೂ ಸಾಲದು, ಅವತ್ತೇ ಹರಿದು ಹಾಕಬೇಕು. ಹರಿಯದೆ ಮೂಲೆಗೆ ಇಟ್ಟರೆ ಜನ ಹೆಚ್ಚು ಬಂದ ದಿನ ಅದೇ ಹೊರಗೆ ಬರುತ್ತದೆ.

ಸಿಡಿಲಿನ ಬಗ್ಗೆ ಪಾಠವೇ ಇಲ್ಲ, ಅದೂ ಏಪ್ರಿಲ್-ಮೇ ತಿಂಗಳಲ್ಲಿ ಸಿಡಿಲಿಗೆ ರೈತರು, ಕುರಿಗಾಹಿಗಳು ಬಲಿಯಾಗುವ ಈ ಭಾಗದಲ್ಲಿ. ಬಯಲಿನ ಕೆರೆ ದಂಡೆಯಲ್ಲಿ ಕೋಲು ಎತ್ತಿ ನಿಂತವನೇ ಎತ್ತರದ ವಸ್ತು. ದುಬಾರಿ ಕಾರ್ಬನ್ ಕೋಲಾದರೆ ಅದು ವಿದ್ಯುತ್ತನ್ನೂ ಹರಿಸುತ್ತದೆ. ಬದುವಿನ ಮೇಲೆ ಹಾದುಹೋದ ಪಂಪ್‌ಸೆಟ್ ತಂತಿಗೆ ತಾಗಿದರೂ ಅಷ್ಟೇ ಅಪಾಯ. ಮಿಂಚು ಕಂಡು ಗುಡುಗು ಕೇಳುವ ನಡುವೆ 30 ಸೆಕೆಂಡು ಇಲ್ಲದಿದ್ದರೆ ಕೋಲು ಕೆಳಗಿಟ್ಟು ಎಲ್ಲರನ್ನೂ ಕಟ್ಟಡದೊಳಗೆ ಅಥವಾ ಕಾರಿನೊಳಗೆ ಕೂರಿಸಬೇಕು, ಮರದ ಕೆಳಗಲ್ಲ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯುವವರೆಗೆ ಯಾರೂ ನೀರಿನ ಹತ್ತಿರ ಹೋಗುವ ಹಾಗಿಲ್ಲ. ಮುಳುಗುತ್ತಿರುವವರನ್ನು ಎತ್ತುವ ಕ್ರಮವನ್ನು ಸರಿಯಾಗಿ ಕಲಿಸುತ್ತಾರೆ: ಮೊದಲು ಕೋಲು ಚಾಚು, ಆಗದಿದ್ದರೆ ಹಗ್ಗ ಎಸೆ, ಆಮೇಲೆ ಹರಗೋಲು, ಈಜಿ ಹೋಗುವುದು ಕಟ್ಟಕಡೆಗೆ. ಉಸಿರು ನಿಂತವರಿಗೆ ಮೊದಲು ಬಾಯಿಂದ ಉಸಿರು ಕೊಟ್ಟು ಆಮೇಲೆ 30 ಒತ್ತು, 2 ಉಸಿರಿನ ಲೆಕ್ಕ. ಹೊಟ್ಟೆ ಒತ್ತಿ ನೀರು ತೆಗೆಯುವ ಹಳೆಯ ರೂಢಿಯನ್ನು ಬಿಡಿಸಲು ಗೊಂಬೆಯ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ಹಾವು ಕಡಿದರೆ ಹಗ್ಗ ಬಿಗಿಯದೆ, ಗಾಯ ಕೊಯ್ಯದೆ, ಕೈಕಾಲು ಅಲುಗದಂತೆ ಇಟ್ಟು ನೇರ ಸರಕಾರಿ ಆಸ್ಪತ್ರೆಗೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ಗೆ ತಮ್ಮ ಕ್ಯಾಂಪಿನಿಂದ ಎಷ್ಟು ಹೊತ್ತು ಎಂಬುದನ್ನು ವಿದ್ಯಾರ್ಥಿಗಳೇ ಬರೆದು ತರಬೇಕು.

ಕ್ಯಾಂಪಿನ ಪಾಠ ಸಾಧಾರಣ. ಟೆಂಟಿನ ಗೂಟ ಎರೆ ನೆಲದಲ್ಲಿ ಒಣಗಿದಾಗ ಬಿರುಕಿಗೆ ಸಿಕ್ಕು ಸಡಿಲಾಗುತ್ತದೆ, ಅಲ್ಲಿ ಮರಳು ಚೀಲ ಬೇಕು. ಜಂಬಿಟ್ಟಿಗೆಯಲ್ಲಿ ಕಬ್ಬಿಣದ ಮೊಳೆಯೇ ಗತಿ. ಒಂದು ಹದ ಮಳೆ ಬಿದ್ದರೆ ಎರೆ ದಾರಿಯಲ್ಲಿ ಕಾರು ಹೂತುಹೋಗುವುದರಿಂದ ಪಾರ್ಕಿಂಗನ್ನು ಡಾಂಬರು ರಸ್ತೆಯ ಪಕ್ಕದಲ್ಲೇ ಇಟ್ಟು, ಕೊನೆಯ ದಾರಿಗೆ ಮುರುಮ್ ಹಾಕಿಸಬೇಕು. ಇವೆಲ್ಲ ಮಾತಿನಲ್ಲಿ ಬರುತ್ತವೆ, ಮಾಡಿಸುವುದಿಲ್ಲ. ಊಟದ ಬಗ್ಗೆ ಅವರ ಸಲಹೆ ಸೊಗಸು: ಖಡಕ್ ರೊಟ್ಟಿ, ಎಣ್ಣೆಗಾಯಿ, ತೊಗರಿ ಬೇಳೆ ಪಲ್ಯ, ಶೇಂಗಾ ಚಟ್ನಿ ಇದ್ದರೆ ಹೈದರಾಬಾದಿನಿಂದ ಬಂದವರೂ ಮೆಚ್ಚುತ್ತಾರೆ, ಫ್ರಿಜ್ಜೂ ಬೇಡ, ಹಳಸುವ ಭಯವೂ ಕಡಿಮೆ.

ದುಡ್ಡಿನ ಲೆಕ್ಕದ ಪಾಠ ನಿರ್ದಾಕ್ಷಿಣ್ಯವಾಗಿದೆ, ಅದಕ್ಕೆ ಶಹಬಾಸ್ ಹೇಳಬೇಕು. ಹನ್ನೆರಡು ಜನ ಕೂರುವ ದಂಡೆ, ತಿಂಗಳಲ್ಲಿ ಎಂಟು ವಾರಾಂತ್ಯದ ದಿನ, ಅರ್ಧ ತುಂಬಿದರೆ 48 ಗಿರಾಕಿ. ತಲೆಗೆ 300 ರೂಪಾಯಿ ಎಂದರೆ 14,400. ಒಬ್ಬ ಕಾವಲುಗಾರನ ಸಂಬಳ 12,000 ಹೋದರೆ ಉಳಿಯುವುದು ಎರೆ, ಡೀಸೆಲ್ಲಿಗೂ ಸಾಲದು. ಹಾಗಾಗಿ ಗಾಳದ ಟಿಕೆಟ್ಟು ಜನರನ್ನು ಕರೆತರುವುದಕ್ಕೆ, ಉಳಿತಾಯ ಊಟದಲ್ಲಿ, ರಾತ್ರಿ ತಂಗುವುದರಲ್ಲಿ, ಶಾಲಾ ಮಕ್ಕಳ ಗುಂಪುಗಳಲ್ಲಿ. ಸೀಸನ್ ಅಕ್ಟೋಬರಿನಿಂದ ಫೆಬ್ರುವರಿವರೆಗೆ ಐದೇ ತಿಂಗಳು, ಖರ್ಚು ಮಾತ್ರ ಹನ್ನೆರಡು ತಿಂಗಳು. ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಅಂಕಿ ಹಾಕಿ ಈ ಪಟ್ಟಿ ಮಾಡಬೇಕು. ಪಟ್ಟಿ ಮಾಡಿ ನೋಡಿದ ಮೇಲೆ ಕೆಲವರು ವ್ಯವಹಾರವನ್ನೇ ಕೈಬಿಡುತ್ತಾರೆ, ಅವರಿಗೂ 18,000 ರೂಪಾಯಿ ದಂಡವಾದಂತಲ್ಲ.

ನೋಟ್ಸ್ ಪೂರ್ತಿ ಇಂಗ್ಲಿಷಿನಲ್ಲಿ ಕೊಡುವುದು ಸರಿಯಲ್ಲ. ಪಾಠ ಕನ್ನಡದಲ್ಲೇ, ನಡುನಡುವೆ ದಖ್ಖನಿಯಲ್ಲೂ ಚೆನ್ನಾಗಿ ನಡೆಯುತ್ತದೆ. ಆಮ್ಲಜನಕದ ಪಟ್ಟಿ, ಜಾಕೆಟ್ ಪರೀಕ್ಷೆ, ಪ್ರಥಮ ಚಿಕಿತ್ಸೆ ಇಷ್ಟಾದರೂ ಕನ್ನಡದಲ್ಲಿ ಗೋಡೆಗೆ ಅಂಟಿಸುವಂತೆ ಬೇಕು, ಅವನ್ನು ಓದಬೇಕಾದವನು ದಂಡೆಯ ಕೆಲಸಗಾರ.

ಈ ಸರ್ಟಿಫಿಕೇಟ್ ಹಿಡಿದು ಸರಕಾರಿ ನೌಕರಿ ಸಿಗುತ್ತದೆಂದು ಸೇರಬೇಡಿ. ಮೀನುಗಾರಿಕೆಯನ್ನೇ ಓದಬೇಕೆಂದರೆ ಬೀದರಿನಲ್ಲಿ ಕೇಂದ್ರ ಕಚೇರಿ ಇರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಪದವಿ ಇದೆ, ಅದರ ಕಾಲೇಜು ಮಂಗಳೂರಿನಲ್ಲಿದೆ. ಇಂಜಿನ್ ದೋಣಿ ಓಡಿಸುವುದು, ಜೀವರಕ್ಷಣೆ ಕಲಿಯಲು ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯ ಅಲ್ಪಾವಧಿ ಕೋರ್ಸುಗಳು ಇದಕ್ಕಿಂತ ಎಷ್ಟೋ ಮೇಲು. ಸ್ವಂತ ಹೊಂಡ, ಸ್ವಂತ ಜಾಗ ಇದ್ದವರಿಗೆ ಈ ಕಲಬುರಗಿಯ ಕೋರ್ಸ್, ಅದರ ಮೇಲೆ ಗೋವಾದ ಒಂದು ಜೀವರಕ್ಷಣಾ ಸರ್ಟಿಫಿಕೇಟ್ ಸೇರಿಸಿದರೆ ಒಳ್ಳೆಯ ಜೋಡಿ.

ವರ್ಷಕ್ಕೆ ಎರಡು ಬ್ಯಾಚು, ಒಂದು ಅಕ್ಟೋಬರಿನಲ್ಲಿ, ಇನ್ನೊಂದು ಫೆಬ್ರುವರಿಯಲ್ಲಿ. ಹವೆ ಹಿತವಾಗಿದೆ ಎಂದು ಎಲ್ಲರೂ ಅಕ್ಟೋಬರಿನದನ್ನೇ ಕೇಳುತ್ತಾರೆ. ನಮ್ಮ ಸಲಹೆ ಫೆಬ್ರುವರಿ ಬ್ಯಾಚು. ಮೇ ತಿಂಗಳ ಬೆಳಗಿನ 5.30ಕ್ಕೆ ಅದೇ ಹೊಂಡದಲ್ಲಿ ಅಳತೆ ಮಾಡಿದಾಗ ಅಂಕಿ ಎಷ್ಟಕ್ಕೆ ಇಳಿಯುತ್ತದೆ, ಪಂಪು ಎಷ್ಟು ಹೊತ್ತು ಓಡಬೇಕು, ಡೀಸೆಲ್ ಎಷ್ಟು ಕುಡಿಯುತ್ತದೆ ಎಂಬುದು ಆ ಬ್ಯಾಚಿನವರಿಗೆ ಮಾತ್ರ ಕಣ್ಣಾರೆ ಸಿಗುತ್ತದೆ. ಫೀ ಎರಡು ಕಂತಿನಲ್ಲಿ ಕಟ್ಟಬಹುದು. ಎರಡನೆಯ ಕಂತು ಕಟ್ಟುವ ಮುಂಚೆ ಹರಗೋಲಿನ ಪಾಠದ ತಾರೀಖನ್ನು ಬರಹದಲ್ಲಿ ಕೇಳಿ ಪಡೆಯಿರಿ. ಬೇಸಿಗೆಯಲ್ಲಿ ನೀರು ಇಳಿದರೆ ಮೊದಲು ಮುಂದೂಡುವುದು ಅದನ್ನೇ.